ಮೂರು ಮನೆ, ಆರು ಸಾಲು

ನಾನು ಒಂದು ಮೊಬೈಲ್ ಫೋನು. ಹುಟ್ಟಿದ್ದು ದೊಡ್ಡದೊಂದು ಕಾರ್ಖಾನೆಯಲ್ಲಿ. ಸಾಲಾಗಿ ಕುಳಿತ ಹೆಣ್ಣುಮಕ್ಕಳು ನಮ್ಮನ್ನು ಜೋಡಿಸುತ್ತಿದ್ದರು. ಅವರಲ್ಲೊಬ್ಬಳು ನನ್ನ ಗಾಜಿನ ಮೇಲೆ ಬೆರಳೆಳೆದು ನೋಡಿ, ತೃಪ್ತಿಯಾದ ಮೇಲೆ ಡಬ್ಬಿಯಲ್ಲಿಟ್ಟಳು. ಮನುಷ್ಯರನ್ನು ನಾನು ಮೊದಲು ಅರಿತದ್ದು ಆ ಬೆರಳಿನಿಂದ. ಮುಂದೆಯೂ ಅಷ್ಟೇ, ಮುಖಕ್ಕಿಂತ ಬೆರಳೇ ನನಗೆ ಹೆಚ್ಚು ಪರಿಚಯ.

ನನ್ನನ್ನು ಕೊಂಡವರು ಬೈಲಹೊಂಗಲದ ಸುನಂದಾ ಟೀಚರು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಬೆರಳ ತುದಿಯಲ್ಲಿ ಸದಾ ಸೀಮೆಸುಣ್ಣದ ಪುಡಿ. ಪದ ಊಹಿಸುವ ಆಟವನ್ನು ನನ್ನೊಳಗೆ ತಂದು ಕೂರಿಸಿದವರು ಅವರೇ. ದಿನಕ್ಕೊಂದು ಗುಟ್ಟಿನ ಪದ, ಆಡುವ ಎಲ್ಲರಿಗೂ ಅದೇ. ಮೂರು ಅಕ್ಷರಕ್ಕೆ ಮೂರು ಮನೆ. ಊಹಿಸಲು ಆರು ಸಾಲು. ಅಕ್ಷರ ಸರಿಯಾದ ಮನೆಯಲ್ಲಿ ಬಿದ್ದರೆ ಹಸಿರು, ಪದದಲ್ಲಿದ್ದೂ ಮನೆ ತಪ್ಪಿದರೆ ಹಳದಿ, ಇಲ್ಲವೇ ಇಲ್ಲವಾದರೆ ಬೂದಿ ಬಣ್ಣ. ಆರೂ ಸಾಲು ಸೋತರೆ ಆಟವೇ ಪದವನ್ನು ತೋರಿಸಿಬಿಡುತ್ತದೆ. ಟೀಚರು ಚಹಾ ಆರುವುದರೊಳಗೆ ಪದ ಹಿಡಿದು, ಒಬ್ಬರೇ ನಗುತ್ತಿದ್ದರು.

ಎರಡು ವರ್ಷದ ಮೇಲೆ ಅವರಿಗೆ ಹೊಸ ಫೋನು ಬಂತು. ನನ್ನನ್ನು ಗೋಕಾಕಿಗೆ ಒಯ್ದು ಅಣ್ಣ ಧರಣೇಂದ್ರ ಉಪಾಧ್ಯೆಯವರ ಕೈಗಿಟ್ಟರು. ಅಣ್ಣನದು ಪೇಟೆಯಲ್ಲಿ ಔಷಧಿ ಅಂಗಡಿ. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು.

“ವೈನಿ ಹೋದ ಮ್ಯಾಲೆ ನೀ ಮಾತಾಡೂದ ಬಿಟ್ಟಿ ಅಣ್ಣಾ,” ಅಂದರು ಸುನಂದಾ. “ದಿನಾ ಮುಂಜಾನೆ ಇದನ್ನ ಆಡಿ ನನಗ ಕಳಸು. ಯಾರು ಕಡಿಮಿ ಸಾಲಿನ್ಯಾಗ ಹಿಡೀತಾರ ನೋಡೂಣು.”

ಕಳಿಸುವಾಗ ಅಕ್ಷರ ಹೋಗುವುದಿಲ್ಲ, ಬಣ್ಣದ ಮನೆಗಳಷ್ಟೇ ಹೋಗುತ್ತವೆ. ಆ ಬಣ್ಣಗಳಲ್ಲೇ ಅಣ್ಣತಂಗಿಯರು ಮೂರು ವರ್ಷ ಜಗಳವಾಡಿದರು, ಹೊಗಳಿಕೊಂಡರು. ಧರಣೇಂದ್ರರು ಮೂರನೇ ಸಾಲು ದಾಟುತ್ತಿದ್ದದ್ದೇ ಅಪರೂಪ. ಡಾಕ್ಟರ ಎಂಥ ಕಾಗೆಕಾಲಿನ ಬರಹವನ್ನೂ ಓದುವ ಮನುಷ್ಯ ಅವರು.

ಆಮೇಲೆ ಒಂದು ಬೆಳಿಗ್ಗೆ ಅವರು ‘ಕಿಟಕಿ’ ಎಂದು ಬರೆದರು. ಮೂರೂ ಮನೆ ಬೂದಿಯಾದವು. ತುಸು ಹೊತ್ತು ಬಿಟ್ಟು ಮತ್ತೆ ‘ಕಿಟಕಿ’ ಎಂದೇ ಬರೆದರು. ಮೂರನೇ ಸಲವೂ ಅದನ್ನೇ. ನಾಲ್ಕನೇ ಸಾಲಿಗೂ ಅವರ ಬೆರಳು ‘ಕಿ’ಯನ್ನೇ ಹುಡುಕಿತು. ಇದು ಮರೆವಲ್ಲ, ಬೇರೇನೋ ಎಂದು ನನಗನ್ನಿಸಿತು. ಯಾರಿಗೆ ಹೇಳಲಿ? ನನಗಿರುವುದು ಬೇರೆಯವರ ದನಿಯನ್ನು ದಾಟಿಸುವ ಬಾಯಿ ಮಾತ್ರ.

ಆ ವಾರದಿಂದ ಅವರು ಬೇರೆ ದಾರಿ ಹಿಡಿದರು. ಮೊದಲು ಅಂಗಡಿಯ ಕಂಪ್ಯೂಟರಿನಲ್ಲಿ ಆಡಿ ಬೇಕೆಂದೇ ಸೋಲುತ್ತಿದ್ದರು. ಆಟ ತೋರಿಸಿದ ಪದವನ್ನು ಹಳೆಯ ಚೀಟಿಯ ಬೆನ್ನಿಗೆ ಬರೆದುಕೊಂಡು, ನೋಡಿ ನೋಡಿ ನನ್ನಲ್ಲಿ ತುಂಬುತ್ತಿದ್ದರು. ಅನುಮಾನ ಬರದಿರಲೆಂದು ಮೊದಲ ಸಾಲಿನಲ್ಲಿ ಒಂದು ತಪ್ಪು ಪದ ಹಾಕುತ್ತಿದ್ದರು. ಆಮೇಲೆ ಚೀಟಿ ಹರಿದು ಬುಟ್ಟಿಗೆ. “ಶಹಬ್ಬಾಸ್ ಅಣ್ಣಾ” ಎಂದು ಬೈಲಹೊಂಗಲದಿಂದ ಉತ್ತರ ಬರುತ್ತಿತ್ತು. ಆ ಸುಳ್ಳನ್ನು ದಿನವೂ ಹೊತ್ತು ಒಯ್ದವನು ನಾನು.

ಒಂದು ದಿನ ನೀಲವ್ವ ಎಂಬ ಮುದುಕಿ ಅಂಗಡಿಗೆ ಬಂದಳು. ಬಿ.ಪಿ. ಗುಳಿಗೆಯ ಹಳೆಯ ಗಿರಾಕಿ, ಓದು ಬರದವಳು. ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪಟ್ಟಿಯೊಂದನ್ನು ನನ್ನ ಪಕ್ಕದಲ್ಲೇ ಇಟ್ಟಳು.

“ಸಾವ್ಕಾರ್ರ, ನಿನ್ನಿ ಕೊಟ್ಟದ್ದು ನಂದಲ್ಲ ಅನಸ್ತದರಿ. ನನ್ನ ಗುಳಿಗಿ ಬೆಳ್ಳಗ ಇರ್ತಿತ್ತು, ಇದು ಕೆಂಪಗ ಅದ. ಅದಕ್ಕ ನುಂಗಲಿಲ್ಲ.”

ಧರಣೇಂದ್ರರು ಪಟ್ಟಿಯನ್ನು ತಿರುಗಿಸಿ ನೋಡಿದರು. “ಹೌದವಾ, ತಪ್ಪಾತು,” ಎಂದಷ್ಟೇ ಹೇಳಿ ಬದಲಿಸಿ ಕೊಟ್ಟರು. ಆಕೆ ಹೋದ ಮೇಲೆ ಕಪಾಟಿನ ಡಬ್ಬಿಗಳ ಮುಂದೆ ನಿಂತು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದತೊಡಗಿದರು. ನಾಲ್ಕನೆಯದಕ್ಕೆ ನಿಂತುಬಿಟ್ಟರು.

ಮರುದಿನದ ಪದ ‘ಹೊಸ್ತಿಲು’. ಚೀಟಿ ನೋಡಿ ಎರಡನೇ ಸಾಲಿನಲ್ಲಿ ತುಂಬಿ ಕಳಿಸಿ, ಚೀಟಿ ಹರಿದುಹಾಕಿದರು. ತಕ್ಷಣ ನಾನು ರಿಂಗಾದೆ.

“ಅಣ್ಣಾ! ಎರಡ ಸಾಲಿನ್ಯಾಗ ಹೆಂಗ ಹಿಡದಿ? ನನಗ ಐದು ಬೇಕಾತು. ಹೆಂಗ ಹೊಳೀತು ಹೇಳಲಾ!”

“ಅದ… ಬಾಗಲಾ ಇರ್ತದಲಾ, ಅದರ ಕೆಳಗಿಂದು…”

“ಹೂಂ?”

“ದಾಟಿ ಒಳಗ ಬರ್ತೀವಿ ನೋಡು. ಅರಿಷಿಣ ಹಚ್ಚತಾರ ಅದಕ್ಕ…”

“ಗೊತ್ತದೋ, ಅದಕ್ಕ ಏನಂತಾರ?”

ಪದ ಆಗ ನನ್ನ ಮುಖದ ಮೇಲೇ ಇತ್ತು, ಹಸಿರಾಗಿ. ಆದರೆ ನಾನು ಅವರ ಕಿವಿಗೆ ಅಂಟಿಕೊಂಡಿದ್ದೆ. ಅತ್ತ ಸುನಂದಾ ನಗು ನಿಲ್ಲಿಸಿದರು. “ಅಣ್ಣಾ?” ಅಂದರು ಮೆಲ್ಲಗೆ.

“ಗಿರಾಕಿ ಬಂದಾರ,” ಎಂದು ಇವರು ಕರೆ ಮುಗಿಸಿದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುನಂದಾ ಬಸ್ಸಿಳಿದು ನೇರ ಅಂಗಡಿಗೇ ಬಂದರು. ಅಣ್ಣ ತಲೆಯೆತ್ತದೆ ಹೇಳಿದರು: “ಮೋಸ ಮಾಡೀನಿ ತಂಗೀ. ಕಂಪ್ಯೂಟರ್‌ನ್ಯಾಗ ನೋಡಿ ಬರೀತಿದ್ದೆ.”

“ಹುಚ್ಚಪ್ಪಾ, ಆಟ ಅದು. ಹೋಗ್ಲಿ ಬಿಡು.”

“ಆಟಾ ಅಲ್ಲ. ನೀಲವ್ವಗ ಬ್ಯಾರೆ ಗುಳಿಗಿ ಕೊಟ್ಟಿದ್ದೆ.”

ಸುನಂದಾ ಕಪಾಟಿನ ಡಬ್ಬಿಗಳ ಕಡೆ ತಿರುಗಿ ನೋಡಿದರು. ಧರಣೇಂದ್ರರೇ ಎದ್ದು ಶಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ತಂಗಿಯ ಕೈಗೆ ಕೊಟ್ಟರು. “ಇನ್ನ ನನಗ ಕೊಡಬ್ಯಾಡ, ನಾ ಕೇಳಿದ್ರೂ,” ಅಂದರು.

ಹುಬ್ಬಳ್ಳಿಯ ಡಾಕ್ಟರು ತಲೆಯ ಚಿತ್ರ ತೆಗೆಸಿದರು. ಮಾತನ್ನು ಇಟ್ಟುಕೊಳ್ಳುವ ಭಾಗ ಸವೆಯುತ್ತಿದೆ, ನಿಲ್ಲಿಸಲು ಬರುವುದಿಲ್ಲ, ತುಸು ನಿಧಾನ ಮಾಡಲು ನೋಡಬಹುದು ಅಂದರು. ಅವರು ಬರೆದುಕೊಟ್ಟ ಗುಳಿಗೆಯನ್ನು ಧರಣೇಂದ್ರರು ಎಷ್ಟೋ ವರ್ಷ ಬೇರೆಯವರ ಮನೆಯ ಹಿರಿಯರಿಗೆ ಮಾರಿದ್ದರು.

ಈಗ ಅಂಗಡಿ ಬೇರೆಯವರದು. ಅಣ್ಣ ತಂಗಿಯ ಮನೆಯಲ್ಲಿದ್ದಾರೆ, ನಾನೂ ಬೈಲಹೊಂಗಲಕ್ಕೆ ಮರಳಿದ್ದೇನೆ. ನನಗೆ ವಯಸ್ಸಾಯಿತು. ಗಾಜು ಬಿರುಕು ಬಿಟ್ಟಿದೆ, ಚಾರ್ಜರ್ ತೆಗೆದರೆ ಉಸಿರು ನಿಲ್ಲುತ್ತದೆ. ಪಡಸಾಲೆಯ ಪ್ಲಗ್ಗಿನ ಬಳಿ ಕಟ್ಟಿಹಾಕಿದ ಹಾಗೆ ಬಿದ್ದಿರುತ್ತೇನೆ. ನನ್ನನ್ನು ಮಾಡಿದವರು ಎಷ್ಟೋ ಸಾವಿರ ಪದ ತುಂಬಿ ಕಳಿಸಿದ್ದರು. ಅವೆಲ್ಲ ಇನ್ನೂ ನನ್ನಲ್ಲಿವೆ. ಬೇಕಾದವರಿಗೆ ಒಂದನ್ನೂ ದಾಟಿಸಲಾರೆ. ಈ ಸಂಕಟಕ್ಕೆ ನನ್ನ ಪಟ್ಟಿಯಲ್ಲೂ ಹೆಸರಿಲ್ಲ.

ಧರಣೇಂದ್ರರು ಈಗಲೂ ಬೆಳಿಗ್ಗೆ ಆಡುತ್ತಾರೆ, ಚೀಟಿಯಿಲ್ಲದೆ. ಆರೂ ಸಾಲು ಬೂದಿಯಾಗುತ್ತವೆ. ಈಚೆಗೆ ತಂಗಿಯ ಹೆಸರೂ ಬಾಯಿಗೆ ಬರುವುದಿಲ್ಲ. “ಏ, ಇಲ್ನೋಡು” ಎಂದು ಕರೆಯುತ್ತಾರೆ.

ಇವತ್ತು ಅವರ ಬೆರಳು ಬಹಳ ಹೊತ್ತು ಹುಡುಕಿತು. ಆಮೇಲೆ ಮೂರು ಮನೆಯಲ್ಲಿ ಮೂರು ಅಕ್ಷರ ಇಟ್ಟರು: ಸು, ನಂ, ದಾ.

‘ಈ ಪದ ಪಟ್ಟಿಯಲ್ಲಿಲ್ಲ’ ಎಂದು ಆಟ ಹೇಳಿತು. ಅವರು ಮತ್ತೆ ಒತ್ತಿದರು. ಅದು ಮತ್ತೆ ಹೇಳಿತು. ಸಿಟ್ಟಿನಿಂದ ಮೂರನೇ ಸಲ ಗಾಜು ಟಕ್ಕೆನ್ನುವಂತೆ ಒತ್ತಿದರು.

ಶಾಲೆಗೆ ಹೊರಟಿದ್ದ ಸುನಂದಾ ಸದ್ದಿಗೆ ಹಿಂದಿರುಗಿ ಬಂದು, ಅಣ್ಣನ ಭುಜದ ಮೇಲಿಂದ ಬಗ್ಗಿ ನನ್ನನ್ನು ಓದಿದರು. ಚೀಲವನ್ನು ಕೆಳಗಿಟ್ಟು ಪಕ್ಕದಲ್ಲಿ ಕುಳಿತರು.

“ಓ, ಅಣ್ಣಾ,” ಅಂದರು. “ಇಲ್ಲೇ ಅದೀನಿ.”