ಟೈಲರಕ್ಕನ ಗಂಟು

ಎಲ್ಲ ಗುಂಡಿಗಳೂ ಇರುವ ಒಂದು ಅಂಗಿಗಾಗಿ ಟೈಲರಕ್ಕನ ತಮ್ಮ ಬೀರು ಜಾಲಾಡುತ್ತಿದ್ದ. ಸಿಕ್ಕಿದ್ದೆಲ್ಲ ಗುಂಡಿ ಕಿತ್ತವು, ಇಲ್ಲವೇ ಕಲೆಯಾದವು. ಗೋಡೆಗೆ ಬಣ್ಣ ಬಳಿಯುವವನ ಅಂಗಿ ಇನ್ನು ಹೇಗಿದ್ದೀತು! ಬೀದಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಅಕ್ಕ ಹಜಾರದಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದಳು. ಅವಳ ಒಡಹುಟ್ಟಿದವನಿಗೆ ನೆಟ್ಟಗಿನ ಒಂದು ಅಂಗಿಯಿರಲಿಲ್ಲ.

"ತಗೋ, ನನ್ನದು ಹಾಕ್ಕೋ," ಎಂದು ಭಾವ ಅಂಗಿ ಚಾಚಿದರು. ಈಸಿಕೊಂಡ ಬೆರಳುಗಳು ನಡುಗುತ್ತಿದ್ದವು. "ಕುಡಿದಿದ್ದೀಯೇನೋ?"

"ಇಲ್ಲ ಭಾವ. ನಿನ್ನೆಯಿಂದ ಮುಟ್ಟಿಲ್ಲ. ಅದಕ್ಕೇ ನಡುಗ್ತಿರೋದು."

"ಹೆಗಲು ಕೊಡೋಕಾಗುತ್ತಾ?"

"ಅಕ್ಕನಿಗೆ ಅಷ್ಟೂ ಮಾಡದಿದ್ರೆ ನಾನು ಇದ್ದೂ ಏನು ಪ್ರಯೋಜನ?"

ಅಕ್ಕನನ್ನು ಮಣ್ಣು ಮಾಡುವ ತನಕ ಮುಟ್ಟಬಾರದೆಂದು ಅವನು ಹಟ ಹಿಡಿದಿದ್ದ. ಆಮೇಲಿನ ಸಂಜೆಯನ್ನು ನೆನೆದರೆ ಮಾತ್ರ ಅವನಿಗೇ ಭಯವಾಗುತ್ತಿತ್ತು.

ಹಜಾರದ ತುಂಬ ಅಕ್ಕನ ಹೊಲಿಗೆ ಅಂಗಡಿಯ ಮೇಲಿನ ರೂಮಿನವರು ಕೂತಿದ್ದರು. ಕುಡಿತ ಬಿಡಲು ವಾರಕ್ಕೊಮ್ಮೆ ಅಲ್ಲಿ ಸೇರುವವರು. ಬೀದಿಯವರಂತೆ ಅವರಿಗೂ ಅವಳು ಟೈಲರಕ್ಕ.

"ನಾನು ಪ್ಯಾಂಟಿನ ಜಿಪ್ ಹಾಕಿಸೋ ನೆಪ ಹೇಳ್ಕೊಂಡು ಅಂಗಡಿಗೆ ಹೋಗಿದ್ದೆ," ಎಂದರು ಒಬ್ಬ ಮುದಿ ಬಸ್ ಡ್ರೈವರ್. "ಪ್ಯಾಂಟೇ ತಗೊಂಡು ಹೋಗಿರಲಿಲ್ಲ! ಟೈಲರಕ್ಕ ಒಂದ್ಸಲ ಮುಖ ನೋಡಿ, 'ಅಣ್ಣಾ, ಈ ಗಂಟು ಮೇಲೆ ಕೊಟ್ಟು ಬರ್ತೀರಾ? ನನಗೆ ಮಂಡಿನೋವು' ಅಂದ್ರು."

"ನನಗೂ ಅದೇ ಮಂಡಿನೋವು ಹೇಳಿದ್ರು," ಪಕ್ಕದಲ್ಲಿದ್ದ ಟೀಚರ್ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಮೇಲೆ ಹೋದ್ರೆ, ಡ್ರೈವರಣ್ಣ, ನೀವು ಗಂಟು ಇಸ್ಕೊಂಡು, 'ಹೆಂಗೂ ಬಂದಿದ್ದೀರಿ, ಒಂದು ಟೀ ಕುಡಿದು ಹೋಗಿ' ಅಂದ್ರಿ. ಕೂತವಳು ಕೂತೇಬಿಟ್ಟೆ."

"ಅದರಲ್ಲಿದ್ದದ್ದು ಬರೀ ಚಿಂದಿ," ಎಂದರು ಭಾವ. "ಮಂಡಿನೋವಂತೆ! ಮನೆ ಮೆಟ್ಟಿಲು ಎರಡೆರಡು ದಾಟಿ ಹತ್ತುವಾಗ ನನ್ನವಳನ್ನ ನೀವು ನೋಡಬೇಕಿತ್ತು."

ಸಾವಿನ ಮನೆಯೆಂಬುದನ್ನು ಮರೆತು ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ.

*

ಮೇಲಿನ ರೂಮಿಗೆ ಬೋರ್ಡ್ ಇರಲಿಲ್ಲ. ಹಾಕಿದರೆ ನಾಚಿಕೆಗೆ ಯಾರೂ ಹತ್ತುವುದಿಲ್ಲ, ಹಾಕದಿದ್ದರೆ ಯಾರಿಗೂ ಸಿಗುವುದಿಲ್ಲ. ಹುಡುಕಿಕೊಂಡು ಬಂದವರು ಮೆಟ್ಟಿಲ ಬುಡದಲ್ಲಿದ್ದ ಹೊಲಿಗೆ ಅಂಗಡಿಯ ಮುಂದೆ ಸುಮ್ಮನೆ ಸುಳಿದಾಡುತ್ತಿದ್ದರು. ಅದಕ್ಕೆ ಅಕ್ಕ ಹೂಡಿದ ಉಪಾಯವೇ ಆ ನೀಲಿ ಚೌಕಳಿ ಬಟ್ಟೆಯ ಗಂಟು.

ಒಮ್ಮೆ ತಮ್ಮನ ಕೈಗೂ ಅದನ್ನು ಕೊಟ್ಟಿದ್ದಳು.

"ಮೇಲೆ ಕೊಟ್ಟು ಬಾರೋ."

"ಊರವರ ಹತ್ರ ಆಡೋ ಆಟ ನನ್ನ ಹತ್ರ ಬೇಡ," ಎಂದು ಗೊಣಗಿದರೂ ಹೊರಟಿದ್ದ. ಮೆಟ್ಟಿಲಿನ ತಿರುವಿನವರೆಗೆ ಹತ್ತಿದಾಗ ಮೇಲೆ ಯಾರೋ ಗಟ್ಟಿಯಾಗಿ ನಕ್ಕರು. ತನ್ನನ್ನೇ ನೋಡಿ ನಕ್ಕರೆನಿಸಿತು. ಗಂಟನ್ನು ಅಲ್ಲೇ ಕುಕ್ಕಿ, ದಡದಡ ಇಳಿದು, ಅಕ್ಕನ ಕಣ್ಣೆದುರೇ ಬಾರಿನ ಕಡೆ ನಡೆದುಬಿಟ್ಟ.

ಮರುದಿನ ಸಿಕ್ಕಾಗ ಅಕ್ಕ ಬಯ್ಯಲಿಲ್ಲ. "ಅರ್ಧ ಹತ್ತಿದ್ದೀಯಲ್ಲ, ಇನ್ನರ್ಧ ಎಲ್ಲೂ ಓಡಿಹೋಗಲ್ಲ ಬಿಡು," ಎಂದಳು. ಇನ್ನೊಂದು ಸಲ ಕೇಳಿದ್ದರೆ ಹೋಗುತ್ತಿದ್ದನೋ ಏನೋ. ಅವಳು ಮತ್ತೆ ಕೇಳಲಿಲ್ಲ, ಅವನಾಗಿ ಹೋಗಲೂ ಇಲ್ಲ.

*

ಹೆಗಲು ಕೊಟ್ಟು ಬೀದಿ ದಾಟುವಷ್ಟರಲ್ಲಿ ತಮ್ಮನ ಕಾಲು ತಡವರಿಸಿತು. ಹಿಂದಿದ್ದ ಡ್ರೈವರ್ ಮೆಲ್ಲಗೆ, "ಭಾರ ನನ್ನ ಕಡೆ ಬಿಡಿ. ನೀವು ಹೆಜ್ಜೆ ಇಡಿ, ಸಾಕು," ಎಂದರು. ಅವನು ಹೆಜ್ಜೆ ಇಟ್ಟ. ಸ್ಮಶಾನದವರೆಗೂ ಹೆಗಲು ಬದಲಿಸಲಿಲ್ಲ.

ಎಲ್ಲ ಮುಗಿದು ಗೇಟಿನ ಬಳಿ ಬಂದಾಗ ಡ್ರೈವರ್ ಭಾವನಿಗೆ ಹೇಳಿದರು: "ಇವತ್ತು ನಾವು ಸೇರೋ ದಿನ. ಸಂಜೆ ರೂಮು ತೆಗೀತೀವಿ."

"ಇವತ್ತೂನಾ?"

"ಹೊಸದಾಗಿ ಬರೋರಿಗೆ ಅಕ್ಕ ಇಲ್ಲ ಅಂತ ಗೊತ್ತಿರಲ್ವಲ್ಲ."

ಭಾವ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ತಮ್ಮನ ಕೈಗಿಟ್ಟರು. "ಇಸ್ತ್ರಿ ಪೆಟ್ಟಿಗೆ ಆರಿಸಿದ್ದಾಳೋ ಇಲ್ವೋ, ನೋಡ್ಕೊಂಡು ಬರ್ತೀಯಾ? ನನಗೆ ಮಂಡಿನೋವು."

ತಮ್ಮ ಅವರ ಮುಖ ನೋಡಿದ. ಭಾವ ಎತ್ತಲೋ ನೋಡುತ್ತಿದ್ದರು.

ದಾರಿಯಲ್ಲೇ ಬಾರು. ಅದರ ಮುಂದೆ ಕಾಲು ತಾನಾಗಿ ನಿಧಾನವಾಯಿತು, ಬಾಯಿ ಒಣಗಿತು. ಮೊದಲು ಅಂಗಡಿ, ಆಮೇಲೆ ನೋಡೋಣ ಎಂದು ಬೀಗದ ಕೈಯನ್ನು ಅಂಗೈಗೆ ಒತ್ತುವಂತೆ ಹಿಡಿದು ದಾಟಿದ.

ಮುಚ್ಚಿದ ಅಂಗಡಿಯ ಮುಂದೆ ಯಾರೋ ನಿಂತಿದ್ದರು. ಆಫೀಸಿನಿಂದ ನೇರ ಬಂದಂತಿದ್ದ ಮನುಷ್ಯ.

"ಟೈಲರ್ ಇಲ್ವಾ? ಒಂದು... ಗುಂಡಿ ಹಾಕಿಸಬೇಕಿತ್ತು."

ಅಂಗಿಯ ಗುಂಡಿಗಳೆಲ್ಲ ಸರಿಯಾಗಿಯೇ ಇದ್ದವು. ಕೈ ಮಾತ್ರ ನಡುಗುತ್ತಿತ್ತು. ತಮ್ಮನಿಗೆ ಆ ನಡುಕದ ಗುರುತು ಚೆನ್ನಾಗಿಯೇ ಇತ್ತು.

ಅವನು ಬಾಗಿಲು ತೆಗೆದ. ಇಸ್ತ್ರಿ ಪೆಟ್ಟಿಗೆ ಆರಿತ್ತು, ಅದರ ವೈರನ್ನು ನೀಟಾಗಿ ಸುತ್ತಿಟ್ಟಿದ್ದಳು. ಮಿಷನ್ನಿನ ಪಕ್ಕದಲ್ಲಿ ಗಂಟು ಕೂತಿತ್ತು. ಅವನಿಗೆ ಅಳು ಉಕ್ಕಿ ಬಂತು. ಭಾವನ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಗಂಟನ್ನು ಹೊರಗೆ ತಂದ.

"ಇದನ್ನ ಮೇಲೆ ಕೊಡಬೇಕು," ಎಂದ. "ಸ್ವಲ್ಪ ಕೈ ಹಾಕ್ತೀರಾ? ನನ್ನೊಬ್ಬನಿಂದ ಆಗಲ್ಲ."

ಆ ಮನುಷ್ಯ ಅನುಮಾನದಿಂದಲೇ ಒಂದು ತುದಿ ಹಿಡಿದ. ದಿಂಬಿನಷ್ಟೂ ತೂಕವಿಲ್ಲದ ಚಿಂದಿಯ ಗಂಟನ್ನು ಆಚೆಗೊಬ್ಬ, ಈಚೆಗೊಬ್ಬ ಹಿಡಿದು ಇಬ್ಬರೂ ಇಕ್ಕಟ್ಟಿನ ಮೆಟ್ಟಿಲು ಹತ್ತಿದರು. ತಿರುವಿಗೆ ಬಂದಾಗ ಮೇಲೆ ಯಾರೋ ಗಟ್ಟಿಯಾಗಿ ನಕ್ಕರು. ಆ ಮನುಷ್ಯ ತಟ್ಟನೆ ನಿಂತುಬಿಟ್ಟ.

"ನಮ್ಮನ್ನ ನೋಡಿ ಅಲ್ಲ," ಎಂದ ತಮ್ಮ. ಗಂಟಿನ ತನ್ನ ಕಡೆಯ ತುದಿಯನ್ನು ಬಿಗಿಯಾಗಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.