ಚಾರ್ಜಿಗಿಟ್ಟ ಹೋಲ್ಡನ್

ಪೀಟರ್‌ಬರೋದ ನಮ್ಮ ಬೀದಿಯಲ್ಲಿ ನೋಲಾ ಟ್ರೆಗೆನ್ಜಾಳ ತಗಡಿನ ಶೆಡ್ಡಿಗೂ ನನ್ನ ಅಡುಗೆಮನೆಗೂ ನಡುವೆ ಒಂದು ಬೇಲಿ ಮಾತ್ರ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಅವಳಪ್ಪ ಸಾಯುವ ಮೊದಲು ತನ್ನ ಐವತ್ನಾಲ್ಕನೇ ಇಸವಿಯ ಹೋಲ್ಡನ್ ಕಾರನ್ನು ಮಗಳ ಹೆಸರಿಗೆ ಬರೆದಿದ್ದ. ನೋಲಾಳ ತಮ್ಮ ಟ್ರೆವರ್‌ಗೆ ಅದು ಆರು ವರ್ಷವಾದರೂ ಅರಗಿರಲಿಲ್ಲ. ಗಂಡುಮಗ ನಾನಿರುವಾಗ ಅವಳಿಗೇಕೆ ಎಂದು ಕುಡಿದಾಗಲೆಲ್ಲ ಕೂಗಾಡುತ್ತಿದ್ದ.

ಕಾರು ಬೀದಿಗಿಳಿಯುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಸಲ. ನಿಂತಲ್ಲೇ ಬ್ಯಾಟರಿ ಸಾಯಬಾರದೆಂದು ನೋಲಾ ಪ್ರತಿ ಶನಿವಾರ ಬೆಳಗ್ಗೆ ಬಾನೆಟ್ ಎತ್ತಿ ಚಾರ್ಜರ್ ಹಚ್ಚುವಳು. ಆಗ ಬ್ಯಾಟರಿ ಅನಿಲ ಕಾರುತ್ತದೆ, ಒಂದು ಕಿಡಿ ಸಾಕು ಸಿಡಿಯಲು. ಅದಕ್ಕೇ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಡುವಳು. ಮುಗಿದ ಮೇಲೆ ಮೊದಲು ಗೋಡೆಯ ಸ್ವಿಚ್ಚು ಆರಿಸಿ, ಆಮೇಲೇ, ಕಿಡಿ ಹಾರದಂತೆ, ಬ್ಯಾಟರಿಗೆ ಕಚ್ಚಿಸಿದ ಕ್ಲಿಪ್ಪಿಗೆ ಕೈ ಹಾಕುವಳು.

ಫೆಬ್ರವರಿಯ ಆ ಶನಿವಾರ ಗಾಜು ಒಡೆದ ಸದ್ದು ಕೇಳಿ ಓಡಿದೆ. ಶೆಡ್ಡಿನ ಬಾಗಿಲು ಮುಚ್ಚಿತ್ತು. ತಳ್ಳಿ ಒಳಗೆ ಹೋದರೆ ನೋಲಾ ನೆಲದ ಮೇಲಿದ್ದಳು, ಬಾಯಲ್ಲಿ ರಕ್ತ. ಟ್ರೆವರ್ ಅವಳ ಮಣಿಕಟ್ಟನ್ನು ಬೂಟಿನಿಂದ ತುಳಿದು ಕಾರಿನ ಕೀಲಿ ಕಿತ್ತುಕೊಳ್ಳುತ್ತಿದ್ದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನಾನು ಅವನ ಹೆಗಲಿಗೆ ಕೈ ಹಾಕಿದ್ದಷ್ಟೇ ನೆನಪು. ಅವನು ಬೀಸಿದ ಕಬ್ಬಿಣದ ಸಲಾಕೆ ನನ್ನ ಪಕ್ಕೆಗೆ ಬಿತ್ತು. ಉಸಿರು ಸಿಗದೆ ಗೋಡೆಗೊರಗಿ ಕುಸಿದೆ. ಅವನು ಬಾಗಿಲನ್ನು ಮತ್ತೆ ಒದ್ದು ಮುಚ್ಚಿದ.

"ಮಕ್ಕಳಿಲ್ದೋಳು, ಕಾರಿಗೆ ಹಾಲು ಕುಡಿಸ್ತಾ ಕೂತಿದೀಯಲ್ಲೇ," ಎನ್ನುತ್ತಾ ಚಾರ್ಜರ್ ಕಳಚಲು ಬಾನೆಟ್ಟಿನೊಳಗೆ ಬಗ್ಗಿದ.

ನೋಲಾ ಮೆಲ್ಲಗೆ ಹೇಳಿದಳು: "ಮೊದ್ಲು ಗೋಡೆ ಸ್ವಿಚ್ಚು ಆರ್ಸು, ಟ್ರೆವ್."

ಅವನು ತಿರುಗಿ ಬಂದು ಅವಳ ಹೊಟ್ಟೆಗೆ ಒದ್ದ. ನಿನ್ನ ಅಪ್ಪಣೆ ಇನ್ನು ಸಾಕು ಎಂದ. ನಂತರ ಹೋಗಿ ಕ್ಲಿಪ್ಪನ್ನು ಜಗ್ಗಿ ಕಿತ್ತ.

ಬಂದೂಕು ಹಾರಿದಂತಾಯಿತು. ಬ್ಯಾಟರಿಯ ಚೂರುಗಳು ತಗಡಿಗೆ ಬಡಿದವು. ಟ್ರೆವರ್ ಮುಖ ಹಿಡಿದುಕೊಂಡು ನಿಂತೇ ಇದ್ದ. ಬೆರಳ ಸಂದಿಯಲ್ಲಿ ಆಸಿಡ್ಡೂ ರಕ್ತವೂ ಸೇರಿ ಇಳಿಯುತ್ತಿತ್ತು. ಆಮೇಲೆ ಕಿರುಚತೊಡಗಿದ.

ಸುಮ್ಮನಿದ್ದುಬಿಡು ಎಂದು ನನ್ನ ಮನಸ್ಸು ಹೇಳಿತು, ಸುಳ್ಳೇಕೆ ಹೇಳಲಿ. ನೋಲಾ ಎದ್ದಳು. ಸರಿಯಿದ್ದ ಕೈಯಿಂದ ಅವನ ಕಾಲರ್ ಹಿಡಿದು ಮಳೆನೀರಿನ ಟ್ಯಾಂಕಿನವರೆಗೆ ಎಳೆದೊಯ್ದಳು, ನಲ್ಲಿಯ ಕೆಳಗೆ ತಲೆ ಒತ್ತಿ ಹಿಡಿದಳು. ಅವನು ಒದ್ದ, ಕಚ್ಚಿದ. ಅವಳು ಮೊಣಕಾಲನ್ನು ಅವನ ಬೆನ್ನಿಗೂರಿ, ಆಂಬುಲೆನ್ಸ್ ಬರುವವರೆಗೂ ಬಿಡಲಿಲ್ಲ.

ಟ್ರೆವರ್‌ನ ಬಲಗಣ್ಣು ಹೋಯಿತು, ಎಡಗಣ್ಣು ಉಳಿಯಿತು. ನ್ಯಾಯಾಲಯದಲ್ಲಿ ನೋಲಾ ಒಂದನ್ನೂ ಮುಚ್ಚಿಡಲಿಲ್ಲ. ಅವನಿಗೆ ಹದಿನಾಲ್ಕು ತಿಂಗಳ ಜೈಲಾಯಿತು.

ಚಳಿಗಾಲದಲ್ಲಿ ಒಮ್ಮೆ ಅವನನ್ನು ನೋಡಲು ಹೊರಟಳು. ಮಣಿಕಟ್ಟು ಇನ್ನೂ ಸೊಟ್ಟಗಿತ್ತು, ನಾನೇ ಕಾರು ಓಡಿಸಿದೆ. ಜೈಲಿನಲ್ಲಿ ಟ್ರೆವರ್ ಕ್ಷಮೆ ಕೇಳಲಿಲ್ಲ. ಅದು ಸಿಡಿಯುತ್ತದೆಂದು ನಿನಗೆ ಗೊತ್ತಿತ್ತೇ ಎಂದಷ್ಟೇ ಕೇಳಿದ.

"ಗೊತ್ತಿತ್ತು," ಅಂದಳು ನೋಲಾ. "ಒಂದ್ ಸಲ ಹೇಳ್ದೆ. ಎರಡ್ನೇ ಸಲ ಹೇಳ್ಬೋದಿತ್ತು, ಹೇಳ್ಲಿಲ್ಲ."

ವಾಪಸು ಬರುವಾಗ ಓರೂರೂ ಎಂಬ ಊರು ದಾಟಿದ ಮೇಲೆ ನೋಲಾ ನಿಲ್ಲಿಸೆಂದಳು. ಇಳಿದು ರಸ್ತೆಬದಿಯಲ್ಲಿ ವಾಂತಿ ಮಾಡಿಕೊಂಡಳು.