ಕೀಬೋರ್ಡಿನ ಮೇಲೆ ನಡುಗದ ಕೈ

"ಆಯ್ತು ಅತ್ತಿಗೆ, ಬನ್ನಿ," ಎನ್ನುತ್ತ ಮೈದುನ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. "ನಿಮ್ಮ ಫೈಲು ಒಂದೂ ಹೋಗಿಲ್ಲ. ಅಣ್ಣ ಇಡೀ ದಿನ ಮಾಡ್ತಿದ್ದ ಕೆಲಸ, ಒಂದು ಗಂಟೇಲಿ ಮುಗೀತು."

ಅಣ್ಣ ಪಕ್ಕದ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕಾಲೇಜೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ. ಆಮೆಗೂ ಇವನಿಗೂ ಪಂದ್ಯವಿಟ್ಟರೆ ಆಮೆ ಗೆದ್ದು ಮನೆಗೆ ಹೋಗಿ ಮಲಗಿರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ನಿನ್ನೆ ಹೆಂಡತಿಯ ಕಂಪ್ಯೂಟರಿಗೆ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಹೊಸ ಆವೃತ್ತಿ ಹಾಕಲು ಕೂತವನು ಎದೆ ಹಿಡಿದುಕೊಂಡು ಕುಸಿದ. ಕೆಲಸ ಅರ್ಧಕ್ಕೇ ನಿಂತಿತ್ತು. ಸ್ಮಶಾನದಲ್ಲಿ ಓದಲು ನಾಲ್ಕು ಸಾಲು ತಾನೇ ಟೈಪ್ ಮಾಡಬೇಕೆಂದು ಅವಳು ಹಟ ಹಿಡಿದಿದ್ದರಿಂದ ಮೈದುನ ಅದನ್ನು ಮುಗಿಸಿಕೊಟ್ಟಿದ್ದ.

"ನೀನು ಹೇಳು, ನಾನು ಬರ್ಕೊಳ್ತೀನಿ," ಎಂದಳು ಅವಳ ಅಕ್ಕ.

"ಬೇಡ ಅಕ್ಕ. ಲೋಟ ಹಿಡಿದ್ರೆ ಚೆಲ್ಲುತ್ತೆ, ಗುಂಡಿ ಹಾಕ್ಕೊಳ್ಳೋಕಾಗಲ್ಲ, ನಿಜ. ಕೀಬೋರ್ಡ್ ಮೇಲೆ ಮಾತ್ರ ನನ್ನ ಕೈ ನಡುಗಲ್ಲ. ಡಾಕ್ಟ್ರಿಗೇ ಆಶ್ಚರ್ಯ."

ಪ್ರೆಸ್ಸಿಗೆ ಪುಸ್ತಕ ಟೈಪ್ ಮಾಡಿಕೊಡುವುದು ಅವಳ ಕಸುಬು. ಕೈ ನೋಡದೆ, ಪರದೆಯನ್ನಷ್ಟೇ ನೋಡುತ್ತ ಟೈಪ್ ಮಾಡುವವಳು. ನಡುಕದ ಕಾಯಿಲೆ ಹಿಡಿದು ವರ್ಷಗಳಾಗಿದ್ದರೂ ಆ ಕೆಲಸ ಬಿಟ್ಟಿರಲಿಲ್ಲ. ಅವಳಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

*

ಹೊಸ ಆವೃತ್ತಿ ಹಾಕಿದಾಗಲೆಲ್ಲ ಗಂಡನದು ಒಂದೇ ರಾಗ.

"ಏನಾದ್ರೂ ಟೈಪ್ ಮಾಡು, ನೋಡೋಣ."

"ಏನಂತ ಮಾಡ್ಲಿ ರೀ?"

"ನನ್ನ ಬೈದು ಬರಿ. ಅದಾದ್ರೆ ನೀನು ಯೋಚ್ನೆ ಮಾಡ್ಬೇಕಾಗಿಲ್ಲ."

ಅವಳು ಶತಸೋಮಾರಿ, ಮೊದ್ದುಮಣಿ ಎಂದು ಕುಟ್ಟುತ್ತ ಹೋಗುವಳು. ಅವನು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಏನೋ ಒತ್ತಿ, ಇನ್ನೊಂದ್ಸಲ ಬರಿ, ಮತ್ತೊಂದ್ಸಲ ಬರಿ ಎನ್ನುವನು. ಅಷ್ಟರಲ್ಲಿ ಸಂಜೆಯಾಗುತ್ತಿತ್ತು.

"ಹೊಸದು ಅಂತೀರಿ, ನಂಗೇನೂ ವ್ಯತ್ಯಾಸ ಕಾಣಲ್ವಲ್ಲ?"

"ಕಾಣ್ಬಾರ್ದು. ಕಂಡ್ರೆ ನಾನು ಎಲ್ಲೋ ಎಡವಿದೀನಿ ಅಂತ."

*

ಅವಳು ಗಂಡನ ಹೆಸರಿನಿಂದಲೇ ಶುರು ಮಾಡಿದಳು. ಮೊದಲ ಅಕ್ಷರ ನಾಲ್ಕು ಸಲ ಬಿತ್ತು. ಎರಡನೆಯದು ಇನ್ನೂ ಹೆಚ್ಚು. ಅಳಿಸಲು ಹೋದರೆ ಅಳಿಸುವ ಕೀಲಿಯೂ ಪಟಪಟ ಬಡಿದುಕೊಂಡು ಇದ್ದಬದ್ದದ್ದನ್ನೆಲ್ಲ ನುಂಗಿತು.

"ಕೀಬೋರ್ಡ್ ಕೆಟ್ಟಿದೆ ಕಣೋ."

ಮೈದುನ ತಾನೇ ಒತ್ತಿ ನೋಡಿದ. ಅಕ್ಷರಗಳು ಒಂದೊಂದೇ ಮೂಡಿದವು. ಅವನ ಮುಖ ಸಪ್ಪಗಾಯಿತು. ಬಳಸುವವರಿಗೆಂದು ಮಾಡಿಟ್ಟ ಸೆಟ್ಟಿಂಗುಗಳೆಲ್ಲ ಸುಲಭಕ್ಕೆ ಕಣ್ಣಿಗೆ ಬೀಳದ ಫೈಲುಗಳಲ್ಲಿರುತ್ತವೆ. ಅವನು ಕಂಡದ್ದನ್ನಷ್ಟೇ ಪೆನ್‌ಡ್ರೈವಿಗೆ ತುಂಬಿಕೊಂಡು ಉಳಿದದ್ದನ್ನು ಒರೆಸಿಹಾಕಿದ್ದ.

"ಅತ್ತಿಗೆ, ಅಣ್ಣ ಏನೋ ಸೆಟ್ಟಿಂಗ್ ಇಟ್ಟಿದ್ದ ಅನ್ಸುತ್ತೆ. ಬೆರಳು ನಡುಗಿ ಒಂದೇ ಕೀ ನಾಲ್ಕು ಸಲ ಬಿದ್ರೂ ಒಂದೇ ಸಲ ಅಂತ ತಗೊಳ್ಳೋ ಹಾಗೆ. ನಾನು ನೋಡ್ಲಿಲ್ಲ, ತಪ್ಪಾಯ್ತು."

"ಯಾವಾಗಿಂದ ಇತ್ತು?"

"ಗೊತ್ತಿಲ್ಲ. ನಡುಕ ಜಾಸ್ತಿ ಆದ ಹಾಗೆಲ್ಲ ಬದಲಾಯಿಸ್ತಾ ಇದ್ದಿರ್ಬೇಕು. ತಾಳಿ, ಈಗ್ಲೇ ಮತ್ತೆ ಹಾಕ್ಕೊಡ್ತೀನಿ."

ಅವಳು ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಗಂಡ ಇಷ್ಟು ವರ್ಷ ಬಾಯಿಬಿಡದೆ ಹೇಳಿಕೊಂಡು ಬಂದ ಸುಳ್ಳು ಅವಳ ಕಣ್ಣೆದುರಿಗಿತ್ತು. ದುಃಖ ಒತ್ತರಿಸಿ ಬಂತು, ಸಿಟ್ಟೂ ಬಂತು. ಹೀಗೇಕೆ ಮಾಡಿದಿರಿ ಎಂದು ಈಗ ಯಾರ ಜೊತೆ ಜಗಳವಾಡುವುದು?

"ಹಾಕ್ಬೇಡ," ಎಂದಳು. "ಅದು ಅವರು ಮಾಡ್ತಿದ್ದ ಕೆಲಸ."

ಹೊರಗೆ ವ್ಯಾನು ಬಂದು ನಿಂತಿತು. ಅವಳು ಎದ್ದು ಪಕ್ಕದ ಕೋಣೆಗೆ ಹೋಗಿ ಗಂಡನ ಮಗ್ಗುಲಲ್ಲಿ ಕೂತಳು. ಬಟ್ಟೆ ಸರಿಸಿ ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು. ಅವಳ ನಡುಕಕ್ಕೆ ಅವನ ತಣ್ಣಗಿನ ಕೈಯೂ ಸಣ್ಣಗೆ ಅಲುಗಾಡತೊಡಗಿತು. ಎತ್ತಲು ಬಂದವರು ಅದನ್ನು ನೋಡಿ ಬಾಗಿಲಲ್ಲೇ ನಿಂತರು.